ಮೂರು ದಿನ ತಿಂದದ್ದನ್ನೆಲ್ಲ ಬರೆದಿಟ್ಟೆ, ಅದರಲ್ಲೂ ಸುಳ್ಳು ಬರೆದೆ

ನ್ಯೂಟ್ರಿಷನ್ ಕೋರ್ಸಿಗೆ ಸೇರಿದ ಎರಡನೇ ವಾರ ಕೊಟ್ಟ ಅಸೈನ್‌ಮೆಂಟ್ ನೋಡಿ, ಇಷ್ಟೇನಾ ಅನ್ನಿಸಿತ್ತು. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ತೂಕ ಮಾಡಿ ಬರೆದಿಡಬೇಕು. ಅದರಲ್ಲಿ ಒಂದು ರಜಾದಿನ ಇರಲೇಬೇಕು. ತಟ್ಟೆಗೆ ಬಡಿಸಿಕೊಂಡಾಗ ಒಂದು ತೂಕ, ತಿಂದು ಮುಗಿಸಿದ ಮೇಲೆ ತಟ್ಟೆಯಲ್ಲಿ ಉಳಿದದ್ದರ ತೂಕ ಇನ್ನೊಂದು. ಟೀ, ಜ್ಯೂಸು, ಸುಮ್ನೆ ಬಾಯಿಗೆ ಹಾಕಿಕೊಂಡ ಪೆಪ್ಪರ್‌ಮಿಂಟು, ಯಾವುದನ್ನೂ ಬಿಡುವ ಹಾಗಿಲ್ಲ. ಒಂದು ಪುಟ್ಟ ಡಿಜಿಟಲ್ ತಕ್ಕಡಿಯನ್ನೂ ಕೊಟ್ಟು ಕಳಿಸಿದರು.

ಮೊದಲ ದಿನ ಸಂಜೆಯವರೆಗೆ ನಾನು ಸತ್ಯ ಹರಿಶ್ಚಂದ್ರನ ಮೊಮ್ಮಗಳು. ರಾತ್ರಿ ಹನ್ನೊಂದಕ್ಕೆ ಓದುತ್ತಾ ಕೂತಿದ್ದಾಗ ಬಿಸ್ಕತ್ತಿನ ಪೊಟ್ಟಣ ಒಡೆದೆ. ನಾಲ್ಕು ತಿಂದೆನೋ ಐದೋ. ತಕ್ಕಡಿ ಅಡುಗೆಮನೆಯಲ್ಲಿತ್ತು, ಎದ್ದು ಹೋಗಲು ಸೋಮಾರಿತನ. ಹಾಳೆಯಲ್ಲಿ ‘ಬಿಸ್ಕತ್ತು, 2’ ಅಂತ ಬರೆದು ಮಲಗಿದೆ. ಎರಡನೇ ದಿನ ಏನೋ ಕರಿದದ್ದು ತಿನ್ನೋಣ ಅನ್ನಿಸಿತು, ಆದರೆ ಅದನ್ನು ಬರೆಯಬೇಕಲ್ಲ ಅಂತ ಬಿಟ್ಟುಬಿಟ್ಟೆ. ಮೂರನೇ ದಿನ ಒಂದು ಹಣ್ಣು ಜಾಸ್ತಿ ತಿಂದೆ. ಹಸಿವಿಗಲ್ಲ, ಹಾಳೆ ಚೆನ್ನಾಗಿ ಕಾಣಲಿ ಅಂತ!

ಮುಂದಿನ ವಾರ ಮೇಡಂ ಯಾರ ಹೆಸರನ್ನೂ ಹೇಳದೆ ಇಡೀ ಕ್ಲಾಸಿನ ಸರಾಸರಿ ಕ್ಯಾಲೊರಿಯನ್ನು ಬೋರ್ಡಿನ ಮೇಲೆ ಬರೆದರು. ಪಕ್ಕದಲ್ಲಿ ನಮ್ಮ ವಯಸ್ಸು, ಎತ್ತರ, ತೂಕ, ಓಡಾಟ ಎಲ್ಲ ಲೆಕ್ಕ ಹಾಕಿ ದಿನಕ್ಕೆ ಎಷ್ಟು ಬೇಕು ಅನ್ನುವುದನ್ನು ಬರೆದರು. ಎರಡಕ್ಕೂ ಅಜಗಜಾಂತರ. ‘ಈ ಹಾಳೆಗಳು ನಿಜ ಆಗಿದ್ದರೆ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಿಮ್ಮೆಲ್ಲರ ಬಟ್ಟೆ ಸಡಿಲ ಆಗಿರಬೇಕು’ ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ‘ಊಟದ ವಿಷಯ ಓದೋಕೆ ಅಂತಲೇ ಬಂದವರು ನೀವು. ತಕ್ಕಡಿ ಬೇರೆ ಕೊಟ್ಟಿದ್ದೆ. ನೀವೇ ಹೀಗೆ ಬರೆದರೆ, ಹೋದ ವರ್ಷ ವಾರಕ್ಕೆ ಎಷ್ಟು ಸಲ ಮೀನು ತಿಂದಿರಿ ಅಂತ ಕೇಳಿದಾಗ ಜನ ಏನು ಹೇಳ್ತಾರೆ?’

ಕೋರ್ಸ್ ಮುಗಿದು ಸ್ವಲ್ಪ ಕಾಲ ಆಯಿತು. ಇವತ್ತಿಗೂ ಯಾವುದಾದರೂ ಸುದ್ದಿಯಲ್ಲಿ ‘ಇದನ್ನು ತಿನ್ನುವವರಿಗೆ ಆ ಕಾಯಿಲೆ ಕಡಿಮೆ’ ಅಂತ ಓದಿದರೆ ನನಗೆ ಮೊದಲು ನೆನಪಾಗುವುದು ಆ ‘ಬಿಸ್ಕತ್ತು, 2’. ಊಟಕ್ಕೂ ಕಾಯಿಲೆಗೂ ಸಂಬಂಧ ಹುಡುಕುವ ಬಹುಪಾಲು ಅಧ್ಯಯನಗಳು ನಿಂತಿರುವುದು ಇಂಥ ಹಾಳೆಗಳ ಮೇಲೆ. ನಿನ್ನೆ ಇಡೀ ದಿನ ಏನು ತಿಂದಿರಿ ಅಂತ ಕೇಳುವುದು ಒಂದು ಕ್ರಮ. ನೂರಾರು ಪದಾರ್ಥಗಳ ಪಟ್ಟಿ ಕೊಟ್ಟು ತಿಂಗಳಿಗೆ ಎಷ್ಟು ಸಲ ಅಂತ ಗುರುತು ಹಾಕಿಸುವುದು ಇನ್ನೊಂದು. ತೂಕ ಮಾಡಿ ಬರೆಸುವುದು ಮೂರನೆಯದು, ಅದರಲ್ಲಿ ಬರೆಯುವ ಕೆಲಸವೇ ತಿನ್ನುವುದನ್ನು ಬದಲಿಸಿಬಿಡುತ್ತದೆ, ನನ್ನ ಎರಡನೇ ದಿನದ ಹಾಗೆ. ಮೂರರಲ್ಲೂ ಜನ ಕಡಿಮೆ ಹೇಳುತ್ತಾರೆ. ಅದೂ ಎಲ್ಲವನ್ನೂ ಒಂದೇ ಸಮ ಕಡಿಮೆ ಹೇಳಿದರೆ ಲೆಕ್ಕ ಸರಿಮಾಡಿಕೊಳ್ಳಬಹುದಿತ್ತು. ಹಾಗಲ್ಲ. ಸಿಹಿ, ಕರಿದದ್ದು, ಕುಡಿದದ್ದು ಕಡಿಮೆಯಾಗುತ್ತದೆ. ತರಕಾರಿ ಮಾತ್ರ ಹೇಗೋ ಜಾಸ್ತಿಯಾಗುತ್ತದೆ.

ಇದು ಸುಮ್ನೆ ಅನುಮಾನದ ಮಾತಲ್ಲ, ಅಳೆದು ನೋಡಿದ್ದಾರೆ. ಅಳೆಯುವ ಉಪಾಯ ನನಗೆ ಇಡೀ ಕೋರ್ಸಿನಲ್ಲೇ ತುಂಬಾ ಇಷ್ಟವಾದ ವಿಷಯ. ಡಬ್ಲಿ ಲೇಬಲ್ಡ್ ವಾಟರ್ ಅಂತ ಅದರ ಹೆಸರು. ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡರದ್ದೂ ಭಾರದ ರೂಪ, ಅಂದರೆ ಡ್ಯೂಟೀರಿಯಂ ಮತ್ತು ಆಕ್ಸಿಜನ್-18, ಸೇರಿಸಿದ ಒಂದು ಲೋಟ ನೀರು ಕುಡಿಸುತ್ತಾರೆ. ವಿಕಿರಣ ಏನೂ ಇಲ್ಲ, ಭಯ ಬೇಡ. ಡ್ಯೂಟೀರಿಯಂ ಮೈಯಿಂದ ಹೊರಗೆ ಹೋಗುವುದು ನೀರಾಗಿ. ಆಕ್ಸಿಜನ್-18 ನೀರಾಗಿಯೂ ಹೋಗುತ್ತದೆ, ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಿ ಎರಡೂ ಎಷ್ಟು ಬೇಗ ಖಾಲಿಯಾಗುತ್ತಿವೆ ನೋಡಿದರೆ, ಆ ವ್ಯತ್ಯಾಸದಿಂದ ಎಷ್ಟು ಕಾರ್ಬನ್ ಡೈ ಆಕ್ಸೈಡ್ ಬಂತು, ಅದರಿಂದ ಎಷ್ಟು ಶಕ್ತಿ ಖರ್ಚಾಯಿತು ಅಂತ ಗೊತ್ತಾಗುತ್ತದೆ. ತೂಕ ಏರಿಲ್ಲ, ಇಳಿದಿಲ್ಲ ಅಂದರೆ ಖರ್ಚಾದಷ್ಟೇ ತಿಂದಿದ್ದಾರೆ ಅಂತ ಅರ್ಥ. ಮನುಷ್ಯರ ಮೇಲೆ ಇದನ್ನು ಮಾಡಲು ಶುರುವಾಗಿದ್ದು 1980ರ ದಶಕದಲ್ಲಿ. ಮಾಡಿ ನೋಡಿದರೆ, ಹಾಳೆಗೂ ಮೂತ್ರಕ್ಕೂ ತಾಳೆಯೇ ಇಲ್ಲ. ಮನುಷ್ಯ ಸುಳ್ಳು ಹೇಳಿದರೂ ಮೂತ್ರ ಹೇಳುವುದಿಲ್ಲ ಅಂತ ನಮ್ಮ ಕ್ಲಾಸಿನಲ್ಲಿ ಗಾದೆಯನ್ನೇ ಮಾಡಿಕೊಂಡಿದ್ದೆವು.

ಆದರೆ ಈ ನೀರು ದುಬಾರಿ. ಮೇಲಾಗಿ ಅದು ಎಷ್ಟು ಕ್ಯಾಲೊರಿ ಅಂತ ಮಾತ್ರ ಹೇಳುತ್ತದೆ, ಏನು ತಿಂದರು ಅಂತ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ನಾನು ಈ ಕೋರ್ಸಿಗೆ ಸೇರಿದ್ದು ಒಂದು ಪಟ್ಟಿ ಸಿಗುತ್ತದೆ ಅಂತ. ತಿನ್ನಬೇಕಾದದ್ದು ಎಡಗಡೆ, ತಿನ್ನಬಾರದ್ದು ಬಲಗಡೆ. ಸಿಕ್ಕಿದ್ದು ಬಯೋಕೆಮಿಸ್ಟ್ರಿ. ಮೊದಲ ವರ್ಷ ಊಟದ ಮಾತೇ ಕಡಿಮೆ, ಬರೀ ಎನ್‌ಜೈಮು, ಬಾಣದ ಗುರುತು, ಚಕ್ರ. ಗ್ಲೂಕೋಸ್ ಒಡೆದು ಪೈರುವೇಟ್ ಆಗುತ್ತದೆ, ಅಲ್ಲಿಂದ ಮುಂದಿನ ಹೆಜ್ಜೆಗೆ ಥಯಮಿನ್ ಅಂದರೆ ವಿಟಮಿನ್ ಬಿ1 ಬೇಕೇ ಬೇಕು, ಇಷ್ಟನ್ನು ಗಿಣಿಪಾಠ ಮಾಡಿ ಇಂಟರ್ನಲ್ಸ್ ಬರೆದೆ. ಯಾಕೆ ಓದುತ್ತಿದ್ದೇನೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಾಗಿದ್ದು ಬೆರಿಬೆರಿ, ಅಂದರೆ ಈ ಥಯಮಿನ್ ಇಲ್ಲದೆ ಬರುವ ಕಾಯಿಲೆಯ ಪಾಠ ಬಂದಾಗ. ಆ ಒಂದು ಬಾಣದ ಗುರುತು ನಿಂತುಹೋದರೆ ಕಾಲಿನ ನರ ಸತ್ವ ಕಳೆದುಕೊಳ್ಳುತ್ತದೆ, ಹೃದಯ ಸೋಲುತ್ತದೆ, ಮನುಷ್ಯ ಸಾಯುತ್ತಾನೆ. ಹೊಟ್ಟೆ ತುಂಬಾ ತಿನ್ನುತ್ತಿದ್ದರೂ!

ಜಾವಾದಲ್ಲಿ ಇದರ ಬೆನ್ನು ಹತ್ತಿದ್ದವರು ಕ್ರಿಸ್ಟಿಯಾನ್ ಐಕ್‌ಮನ್ ಅನ್ನುವ ಡಚ್ ವೈದ್ಯರು. ಅದು ರೋಗಾಣುವಿನ ಕಾಲ, ಎಲ್ಲ ಕಾಯಿಲೆಗೂ ಒಂದು ಕ್ರಿಮಿ ಇರಲೇಬೇಕು ಅಂತ ಹುಡುಕುತ್ತಿದ್ದ ಕಾಲ. ಇವರೂ ಕ್ರಿಮಿ ಹುಡುಕಿಕೊಂಡೇ ಹೋದದ್ದು. ಲ್ಯಾಬಿನ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು, ಕೆಲವು ತಿಂಗಳ ನಂತರ ತಾವಾಗಿಯೇ ಸರಿಹೋದವು. ವಿಚಾರಿಸಿದರೆ, ನಡುವಿನ ಆ ದಿನಗಳಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸ ಅಡುಗೆಯವನು ಬಂದ, ಮಿಲಿಟರಿ ಅನ್ನವನ್ನು ಕೋಳಿಗೆ ಕೊಡಲ್ಲ ಅಂದ, ಮತ್ತೆ ಪಾಲಿಶ್ ಮಾಡದ ಅಕ್ಕಿ ಹಾಕಿದರು, ಕೋಳಿಗಳು ಎದ್ದು ನಿಂತವು. ಹೆಸರಿಲ್ಲದ ಒಬ್ಬ ಅಡುಗೆಯವನ ಹಟದಿಂದ ಇಡೀ ಒಂದು ವಿಜ್ಞಾನ ಶುರುವಾಯಿತು ಅನ್ನುವುದು ನನಗೆ ಭಾರೀ ಖುಷಿ ಕೊಡುವ ವಿಷಯ. ಇನ್ನೂ ಖುಷಿಯದ್ದು ಅಂದರೆ, ಐಕ್‌ಮನ್ ಇದನ್ನು ಮೊದಲು ತಪ್ಪಾಗಿಯೇ ಅರ್ಥ ಮಾಡಿಕೊಂಡರು. ಬಿಳಿ ಅಕ್ಕಿಯಲ್ಲಿ ಏನೋ ವಿಷ ಇದೆ, ತೌಡಿನಲ್ಲಿ ಅದಕ್ಕೆ ಮದ್ದು ಇದೆ ಅಂದುಕೊಂಡರು. ವಿಷ ಇರುವುದಲ್ಲ, ಬೇಕಾದದ್ದು ಇಲ್ಲದಿರುವುದು ಅಂತ 1901ರಲ್ಲಿ ಹೇಳಿದ್ದು ಅವರ ನಂತರ ಅಲ್ಲಿ ಕೆಲಸ ಮಾಡಿದ ಗೆರಿಟ್ ಗ್ರಿನ್ಸ್. ನೊಬೆಲ್ ಬಹುಮಾನ 1929ರಲ್ಲಿ ಬಂತು, ಐಕ್‌ಮನ್‌ಗೆ.

‘ಇಲ್ಲದಿರುವುದು’ ಕಾಯಿಲೆ ತರುತ್ತದೆ ಅನ್ನುವುದು ಈಗ ಮಕ್ಕಳಿಗೂ ಗೊತ್ತು. ಆಗ ಅದು ತಲೆಗೆ ಹೋಗುವ ಮಾತೇ ಆಗಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲ್ಲಾಗ್ರಾ ಹರಡಿದಾಗ ಅದನ್ನು ಅಂಟುರೋಗ ಅಂತಲೇ ನಂಬಿದ್ದರು. ಚರ್ಮ ಸುಲಿಯುವುದು, ಭೇದಿ, ಬುದ್ಧಿ ಕೆಡುವುದು, ಕೊನೆಗೆ ಸಾವು. 1914ರಲ್ಲಿ ಇದನ್ನು ನೋಡಲು ಹೋದ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಗಮನಿಸಿದ್ದು ಒಂದೇ: ಅನಾಥಾಶ್ರಮದ ಮಕ್ಕಳಿಗೆ, ಹುಚ್ಚಾಸ್ಪತ್ರೆಯ ರೋಗಿಗಳಿಗೆ ಬರುತ್ತದೆ, ಅಲ್ಲೇ ಕೆಲಸ ಮಾಡುವ ನರ್ಸುಗಳಿಗೆ ಬರುವುದಿಲ್ಲ. ಅಂಟುರೋಗಕ್ಕೆ ನರ್ಸು ಯಾರು, ರೋಗಿ ಯಾರು ಅಂತ ಗೊತ್ತಾಗುತ್ತದಾ? ಯಾರೂ ನಂಬದಿದ್ದಾಗ 1916ರಲ್ಲಿ ಅವರು, ಅವರ ಹೆಂಡತಿ, ಇನ್ನು ಕೆಲವರು ಸೇರಿ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಚರ್ಮದ ಹೊಪ್ಪಳೆ, ಮಲ, ಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದವರೂ ಇದ್ದರು. ಯಾರಿಗೂ ಪೆಲ್ಲಾಗ್ರಾ ಬರಲಿಲ್ಲ. (ಇದನ್ನು ಊಟದ ಬಿಡುವಿಗೆ ಮೊದಲಿನ ಪೀರಿಯಡ್‌ನಲ್ಲಿ ಪಾಠ ಮಾಡಿದರು. ಬೇಕಂತಲೇ ಮಾಡಿದ್ದು ಅಂತ ಇವತ್ತಿಗೂ ನನ್ನ ಅನುಮಾನ.) ಕೊರತೆ ಇದ್ದದ್ದು ವಿಟಮಿನ್ ಬಿ3 ಅಂದರೆ ನಯಾಸಿನ್‌ದು ಅಂತ ಖಚಿತವಾದದ್ದು 1937ರಲ್ಲಿ. ಗೋಲ್ಡ್‌ಬರ್ಗರ್ ಅಷ್ಟರಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಇದರಲ್ಲಿ ನನಗೆ ಹಿಡಿಸಿದ್ದು ಮೆಕ್ಕೆಜೋಳದ ಗುಟ್ಟು. ಪೆಲ್ಲಾಗ್ರಾ ಬಂದವರು ಬಹುತೇಕ ಮೆಕ್ಕೆಜೋಳ ತಿಂದು ಬದುಕುತ್ತಿದ್ದ ಬಡವರು. ಆದರೆ ಮೆಕ್ಸಿಕೋದಲ್ಲಿ ಸಾವಿರಾರು ವರ್ಷಗಳಿಂದ ಅದನ್ನೇ ತಿನ್ನುತ್ತಿದ್ದವರಿಗೆ ಈ ಪಾಡು ಬರಲಿಲ್ಲ. ಯಾಕೆಂದರೆ ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕುತ್ತಿದ್ದರು. ಮೆಕ್ಕೆಜೋಳದಲ್ಲಿ ನಯಾಸಿನ್ ಇದೆ, ಆದರೆ ಕಟ್ಟಿಹಾಕಿದ ಹಾಗೆ ಇದೆ, ನಮ್ಮ ಕರುಳು ಅದನ್ನು ಬಿಡಿಸಿಕೊಳ್ಳಲಾರದು. ಸುಣ್ಣ ಬಿಡಿಸಿಕೊಡುತ್ತದೆ. ಕಾಳನ್ನು ಬೇರೆ ದೇಶಗಳಿಗೆ ಒಯ್ದವರು ಕಾಳನ್ನಷ್ಟೇ ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಪದಾರ್ಥದಲ್ಲಿ ಇಂತಿಷ್ಟು ಮಿಲಿಗ್ರಾಂ ಇದೆ ಅಂತ ಪುಸ್ತಕದಲ್ಲಿ ಬರೆದಿರುವುದು ಬೇರೆ, ಮೈಗೆ ಹತ್ತುವುದು ಬೇರೆ.

ಕ್ಯಾಲೊರಿ ಕೂಡ ಹಾಗೇ. ಪ್ಯಾಕೆಟ್ಟಿನ ಹಿಂದೆ ಬರೆದಿರುವ ಸಂಖ್ಯೆ ಸಾಮಾನ್ಯವಾಗಿ ಆ ಪ್ಯಾಕೆಟ್ಟನ್ನು ಒಡೆದು ಅಳೆದದ್ದಲ್ಲ. ಒಂದು ಗ್ರಾಂ ಪ್ರೋಟೀನಿಗೆ 4, ಕಾರ್ಬೋಹೈಡ್ರೇಟಿಗೆ 4, ಕೊಬ್ಬಿಗೆ 9 ಅಂತ ಗುಣಿಸಿ ಕೂಡಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ ಹಾಕಿಕೊಟ್ಟ ಲೆಕ್ಕ ಅದು, ಒಟ್ಟಾರೆ ಊಟಕ್ಕೆ ಪರವಾಗಿಲ್ಲ. ಆದರೆ 2012ರಲ್ಲಿ ಬಾದಾಮಿಯನ್ನು ನಿಜವಾಗಿ ಜನರಿಗೆ ತಿನ್ನಿಸಿ, ಹೊರಗೆ ಬಂದದ್ದನ್ನೂ ಅಳೆದು ನೋಡಿದಾಗ, ಲೆಕ್ಕದ ಪ್ರಕಾರ ಸುಮಾರು 170 ಕ್ಯಾಲೊರಿ ಕೊಡಬೇಕಿದ್ದ 28 ಗ್ರಾಂ ಬಾದಾಮಿ ಕೊಟ್ಟದ್ದು 129. ಅಗಿದರೂ ಅದರ ಕೋಶಗಳ ಗೋಡೆ ಪೂರ್ತಿ ಒಡೆಯುವುದಿಲ್ಲ, ಒಳಗಿನ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಆ್ಯಪಿನಲ್ಲಿ ಕ್ಯಾಲೊರಿ ಎಣಿಸಿ ದಶಮಾಂಶದವರೆಗೆ ಹೇಳುವವರನ್ನು ಕಂಡರೆ ಈಗ ನನಗೆ ಪಾಪ ಅನ್ನಿಸುತ್ತದೆ.

ಸ್ಕರ್ವಿ, ಅಂದರೆ ವಿಟಮಿನ್ ಸಿ ಇಲ್ಲದೆ ನಾವಿಕರಿಗೆ ಬರುತ್ತಿದ್ದ ಕಾಯಿಲೆ. ಅದರ ಕಥೆಯೂ ಎಲ್ಲರಿಗೂ ಗೊತ್ತು, ಮೊದಲರ್ಧ ಮಾತ್ರ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹಡಗಿನಲ್ಲಿ ಸ್ಕರ್ವಿ ಬಂದ 12 ನಾವಿಕರನ್ನು ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ವಿನೆಗರ್, ಸಮುದ್ರದ ನೀರು, ದುರ್ಬಲ ಆಸಿಡ್ಡು, ಹೀಗೆ. ಕಿತ್ತಳೆ, ನಿಂಬೆ ತಿಂದ ಜೋಡಿ ವಾರದೊಳಗೆ ಚೇತರಿಸಿಕೊಂಡಿತು. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಹಣ್ಣು ಹಡಗಿನಲ್ಲಿ ಕೆಡುತ್ತದಲ್ಲ, ಅದಕ್ಕೆ ಲಿಂಡ್ ರಸವನ್ನು ಕಾಯಿಸಿ ಗಟ್ಟಿ ಮಾಡಿ ಸೀಸೆಗೆ ತುಂಬಿಸಿ ಅಂದರು. ಕಾಯಿಸಿದಾಗ ವಿಟಮಿನ್ ಸಿ ಹಾಳಾಗುತ್ತದೆ. ಔಷಧಿ ಕೈಗೆ ಸಿಕ್ಕಿದವನೇ ಅದನ್ನು ಒಲೆಯ ಮೇಲಿಟ್ಟು ಕೊಂದ! ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲ ಹಡಗಿಗೂ ಕೊಡುವ ತೀರ್ಮಾನ ಮಾಡಿದ್ದು 1795ರಲ್ಲಿ, ಲಿಂಡ್ ತೀರಿಕೊಂಡ ಮರುವರ್ಷ.

ಇಷ್ಟು ಓದುವ ಹೊತ್ತಿಗೆ ನನಗೆ ತಲೆ ತಿರುಗಿತ್ತು, ಅಹಂಕಾರದಿಂದ. ಪ್ರತಿ ಕಾಯಿಲೆಗೂ ಒಂದು ಪೋಷಕಾಂಶ, ಹುಡುಕಿ ಕೊಟ್ಟರೆ ಮುಗಿಯಿತು. ಫೋಲಿಕ್ ಆಸಿಡ್ ಪಾಠ ಬಂದಾಗ ಅದು ಇನ್ನೂ ಏರಿತು. 1991ರಲ್ಲಿ ಪ್ರಕಟವಾದ ಪ್ರಯೋಗ ಅದು. ಮೊದಲೊಂದು ಮಗುವಿಗೆ ಬೆನ್ನುಹುರಿಯ ದೋಷ ಇದ್ದ ತಾಯಂದಿರಿಗೆ ಮತ್ತೆ ಬಸಿರಾಗುವ ಮೊದಲಿನಿಂದಲೇ ಮಾತ್ರೆ ಕೊಟ್ಟರು. ಅದೇ ದೋಷ ಮರುಕಳಿಸುವುದು 72% ಕಡಿಮೆಯಾಯಿತು. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ, ಎಷ್ಟೋ ಜನರಿಗೆ ಬಸಿರಾಗಿರುವುದು ಗೊತ್ತಾಗುವ ಮೊದಲೇ. ಅದಕ್ಕೇ ಮೊದಲೇ ಶುರು ಮಾಡಿ ಅನ್ನುವುದು. ಎಷ್ಟು ಸಣ್ಣ ಮಾತ್ರೆ, ಎಷ್ಟು ದೊಡ್ಡ ಕೆಲಸ ಅಲ್ವಾ?

ಮುಂದಿನ ವಾರವೇ ಬೀಟಾ ಕ್ಯಾರೋಟಿನ್, ಅಂದರೆ ಕ್ಯಾರೆಟ್ಟಿಗೆ ಬಣ್ಣ ಕೊಡುವ ಪದಾರ್ಥದ ಪಾಠ. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಅಧ್ಯಯನದ ಮೇಲೆ ಅಧ್ಯಯನ ಹೇಳಿತ್ತು. ಅವರ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಜಾಸ್ತಿ ಇತ್ತು. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡೋಣ, ಅಷ್ಟೇ ತಾನೇ? ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿಕೊಂಡು ಮಾಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. ಜಾಸ್ತಿ! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಅಲ್ಲೂ ಅದೇ ಕಥೆ. ತರಕಾರಿ ತಿನ್ನುವವರು ಬರೀ ತರಕಾರಿಯಲ್ಲಿ ಬೇರೆಯಾಗಿರುವುದಿಲ್ಲ. ಅವರು ಸೇದುವುದು ಕಡಿಮೆ, ನಡೆಯುವುದು ಜಾಸ್ತಿ, ಕೈಯಲ್ಲಿ ದುಡ್ಡೂ ಸ್ವಲ್ಪ ಜಾಸ್ತಿ. ಅದನ್ನೆಲ್ಲ ಲೆಕ್ಕದಲ್ಲಿ ಕಳೆದಿದ್ದೇವೆ ಅಂದುಕೊಂಡರೂ ಪೂರ್ತಿ ಕಳೆದಿರುವುದಿಲ್ಲ. ಮೇಲಾಗಿ ತಟ್ಟೆಯಲ್ಲಿ ಬರುವ ಬೀಟಾ ಕ್ಯಾರೋಟಿನ್ ಬೇರೆ, ಹೊಗೆ ತುಂಬಿದ ಶ್ವಾಸಕೋಶಕ್ಕೆ ದಿನಾ ಅಷ್ಟೊಂದು ಸುರಿಯುವುದೇ ಬೇರೆ.

ಎರಡೂ ಮಾತ್ರೆ. ಒಂದು ಮಕ್ಕಳನ್ನು ಉಳಿಸಿತು, ಇನ್ನೊಂದು ಗಂಡಸರನ್ನು ಕೊಂದಿತು. ಪ್ರಯೋಗ ಮಾಡಿ ನೋಡದೆ ಯಾವುದು ಯಾವುದು ಅಂತ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಅಂದಿನಿಂದ ‘ಮಾತ್ರೆ ಎಲ್ಲ ಮೋಸ’ ಅನ್ನುವವರ ಜೊತೆಗೂ ನಾನು ಸೇರುವುದಿಲ್ಲ, ‘ನ್ಯಾಚುರಲ್ ಅಲ್ವಾ, ಏನೂ ಆಗಲ್ಲ’ ಅನ್ನುವವರ ಜೊತೆಗೂ ಸೇರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಪ್ರಯೋಗ ಮಾಡಿಯೇ ನೋಡಿದರಾಯಿತು ಅನ್ನಬಹುದು. ಹೃದಯದ ಕಾಯಿಲೆ ಬರಲು ಮೂವತ್ತು ವರ್ಷ ಬೇಕು, ಮೂವತ್ತು ವರ್ಷ ಯಾರನ್ನು ಕೂಡಿಹಾಕಿ ಊಟ ಹಾಕುತ್ತೀರಿ? 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಅಲ್ಟ್ರಾ ಪ್ರೊಸೆಸ್ಡ್ ಊಟ, ಎರಡು ವಾರ ಸಾದಾ ಊಟ. ಮುಂದಿಟ್ಟ ತಟ್ಟೆಗಳಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ ಇರುವಂತೆ ನೋಡಿಕೊಂಡು, ಬೇಕಾದಷ್ಟು ತಿನ್ನಿ ಅಂದರು. ಮೊದಲನೇ ತರಹದ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರಕ್ಕೆ ತೂಕ ಒಂದು ಕೆಜಿಗೆ ಹತ್ತಿರ ಏರಿತು. ಇಲ್ಲಿ ‘ಬಿಸ್ಕತ್ತು, 2’ ನಡೆಯುವುದಿಲ್ಲ, ತೂಕ ಮಾಡುವವರು ಅಲ್ಲೇ ನಿಂತಿರುತ್ತಾರೆ. ಆದರೆ ನೋಡಿ, ಇಷ್ಟು ಕಷ್ಟಪಟ್ಟು ಸಿಕ್ಕಿದ್ದು 20 ಜನ, ನಾಲ್ಕು ವಾರ. ಒಂದು ಕಡೆ ಲಕ್ಷ ಜನರ ಸುಳ್ಳು ಹಾಳೆ, ಇನ್ನೊಂದು ಕಡೆ ಇಪ್ಪತ್ತು ಜನರ ನಿಜ. ಎರಡನ್ನೂ ಜೊತೆಯಲ್ಲಿಟ್ಟು, ಪ್ರಾಣಿಗಳ ಮೇಲೆ ಮಾಡಿದ್ದನ್ನೂ ಬಯೋಕೆಮಿಸ್ಟ್ರಿಯನ್ನೂ ಸೇರಿಸಿ, ಎಲ್ಲವೂ ಒಂದೇ ಕಡೆಗೆ ಕೈ ತೋರಿಸುತ್ತಿವೆಯಾ ಅಂತ ನೋಡಬೇಕು. ಈ ಓದು ಅಂದರೆ ಬಹುಪಾಲು ಇದೇ. ಸೇರುವ ಯೋಚನೆ ಇರುವವರಿಗೆ ಒಂದೇ ಮಾತು, ಸ್ಟಾಟಿಸ್ಟಿಕ್ಸ್ ಕ್ಲಾಸಿಗೆ ಚಕ್ಕರ್ ಹೊಡೆಯಬೇಡಿ. ನಾನು ಹೊಡೆದೆ, ಆಮೇಲೆ ಅನುಭವಿಸಿದೆ.

ಮನೆಯವರಿಗೆ ಇದೆಲ್ಲ ಬೇಡ. ಚಿಕ್ಕಮ್ಮ ಫೋನ್ ಮಾಡಿ ‘ಬೆಣ್ಣೆ ತಿಂದರೆ ಒಳ್ಳೇದಾ ಕೆಟ್ಟದ್ದಾ, ಒಂದೇ ಮಾತಲ್ಲಿ ಹೇಳು’ ಅನ್ನುತ್ತಾರೆ. ‘ಯಾವುದರ ಬದಲಿಗೆ?’ ಅಂತ ನಾನು. ‘ಅಯ್ಯೋ, ಓದಿಸಿದ್ದೇ ತಪ್ಪಾಯ್ತು’ ಅಂತ ಅವರು. ಆದರೆ ಆ ಪ್ರಶ್ನೆ ತಲೆಹರಟೆಯಲ್ಲ. ಹೊಟ್ಟೆ ಅಷ್ಟೇ ಇದೆ, ಒಂದನ್ನು ಬಿಟ್ಟರೆ ಇನ್ನೊಂದು ಒಳಗೆ ಬರುತ್ತದೆ. ಬೆಣ್ಣೆಯಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬನ್ನು ಬಿಟ್ಟು ಆ ಜಾಗಕ್ಕೆ ಸೂರ್ಯಕಾಂತಿಯಂಥ ಪಾಲಿಅನ್‌ಸ್ಯಾಚುರೇಟೆಡ್ ಎಣ್ಣೆ ಬಂದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ ಇಳಿಯುತ್ತದೆ, ಹೃದಯಕ್ಕೆ ಲಾಭ. ಆ ಜಾಗಕ್ಕೆ ಮೈದಾ, ಸಕ್ಕರೆ ಬಂದರೆ ಹೃದಯಕ್ಕೆ ಹೆಚ್ಚೇನೂ ಲಾಭವಿಲ್ಲ. ಬೆಣ್ಣೆ ಬಿಟ್ಟೆ ಅಂತ ಖುಷಿಯಾಗಿ ಬಿಸ್ಕತ್ತು ತಿನ್ನುವವರಿಗೆ ಇದನ್ನು ಹೇಗೆ ಹೇಳುವುದು?

ಇನ್ನೊಂದು ಪ್ರಶ್ನೆ ‘ಯಾರಿಗೆ?’ ಹಣ್ಣು ಒಳ್ಳೆಯದು, ಸರಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹಣ್ಣಿನ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಪ್ರೋಟೀನ್ ಒಳ್ಳೆಯದು. ಪಿಕೆಯು ಅಂದರೆ ಫೀನೈಲ್‌ಕೀಟೋನೂರಿಯಾ ಇರುವ ಮಗುವಿಗೆ ತಾಯಿಯ ಹಾಲನ್ನೂ ಅಳೆದು ಕೊಡಬೇಕು. ಪ್ರೋಟೀನಿನಲ್ಲಿರುವ ಫೀನೈಲ್‌ಅಲನಿನ್ ಅನ್ನು ಒಡೆಯುವ ಎನ್‌ಜೈಮ್ ಅದಕ್ಕೆ ಕೆಲಸ ಮಾಡುವುದಿಲ್ಲ, ಮೆದುಳು ಹಾಳಾಗುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ನೋಡಿ, ಕೂಡಲೇ ಪಥ್ಯ ಶುರು ಮಾಡಿದರೆ ಆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ಬರೀ ಊಟದಿಂದ ಒಂದು ಮೆದುಳನ್ನು ಉಳಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಯ ವರ್ಷ ಇಂಟರ್ನ್‌ಶಿಪ್, ಆಸ್ಪತ್ರೆಯಲ್ಲಿ. ತೂಕ ಇಳಿಸಲು ಬರುವವರೇ ಜಾಸ್ತಿ ಇರುತ್ತಾರೆ ಅಂದುಕೊಂಡಿದ್ದೆ. ವಾರ್ಡಿನಲ್ಲಿ ಇದ್ದದ್ದು ತಿನ್ನಲಾರದವರು. ಆಪರೇಷನ್ ಆದವರು, ಕೀಮೋ ಆಗುತ್ತಿರುವವರು, ವಯಸ್ಸಾದವರು. ದಪ್ಪ ಇದ್ದೂ ಅಪೌಷ್ಟಿಕತೆ ಇರುವವರು, ಇವರನ್ನು ಯಾರೂ ಗುರುತಿಸುವುದೇ ಇಲ್ಲ.

ಮೊದಲ ವಾರ ಒಬ್ಬರು ಬಂದರು, ಎರಡು ವಾರದಿಂದ ಹೆಚ್ಚುಕಡಿಮೆ ಏನೂ ತಿಂದಿರಲಿಲ್ಲ, ಎಲುಬು ಎಣಿಸಬಹುದಿತ್ತು. ಪಾಪ, ಬೇಗ ಚೆನ್ನಾಗಿ ತಿನ್ನಿಸೋಣ ಅಂತ ನಾನು ದಿನಕ್ಕೆ 2000 ಕ್ಯಾಲೊರಿಯ ಪ್ಲ್ಯಾನ್ ಬರೆದುಕೊಟ್ಟೆ. ಸೀನಿಯರ್ ಡಯಟೀಷಿಯನ್ ಅದನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ‘ಇದನ್ನು ಕೊಟ್ಟರೆ ಇವರು ಸಾಯಬಹುದು’ ಅಂದರು. ರೀಫೀಡಿಂಗ್ ಸಿಂಡ್ರೋಮ್. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಎದುರಿಗೆ ಬಂದಾಗ ಗುರುತೇ ಸಿಗಲಿಲ್ಲ. ಬಹಳ ದಿನ ಉಪವಾಸ ಇದ್ದ ಮೈಗೆ ಏಕಾಏಕಿ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಕೋಶಗಳ ಒಳಗೆ ನುಗ್ಗುತ್ತವೆ, ರಕ್ತದಲ್ಲಿ ಖಾಲಿ. ಹೃದಯ ತಪ್ಪು ಬಡಿಯುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಅದಕ್ಕೇ ಇಂಥವರಿಗೆ ಮೊದಲು ಥಯಮಿನ್ ಕೊಟ್ಟು, ದಿನಕ್ಕೆ ಒಂದು ಕೆಜಿ ತೂಕಕ್ಕೆ ಹೆಚ್ಚೆಂದರೆ 10 ಕ್ಯಾಲೊರಿಯಂತೆ ಶುರು ಮಾಡಿ, ದಿನಾ ರಕ್ತ ನೋಡುತ್ತಾ ನಿಧಾನವಾಗಿ ಏರಿಸುತ್ತಾರೆ. ಗಿಣಿಪಾಠ ಮಾಡಿದ್ದ ಆ ಬಾಣದ ಗುರುತು, ಅದೇ ಥಯಮಿನ್, ಆ ಮಂಚದ ಮೇಲೆ ಮಲಗಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅದೇ ವಾರ್ಡಿನಲ್ಲಿ ಇನ್ನೊಬ್ಬರು ಅಜ್ಜ ಇದ್ದರು. ಆಪರೇಷನ್ ಆಗಿ ಎರಡು ವಾರ, ಗಾಯ ಮಾಯುತ್ತಿರಲಿಲ್ಲ, ತೂಕ ಇಳಿಯುತ್ತಲೇ ಇತ್ತು. ಚಾರ್ಟ್ ನೋಡಿದರೆ ಮೂರು ಹೊತ್ತೂ ‘ಪೂರ್ತಿ ತಿಂದಿದ್ದಾರೆ’ ಅಂತ ಗುರುತು. ತಟ್ಟೆ ಖಾಲಿಯಾಗಿಯೇ ವಾಪಸ್ ಹೋಗುತ್ತಿತ್ತಂತೆ. ‘ಊಟ ಮಾಡಿದ್ರಾ ಅಜ್ಜ?’ ಅಂದೆ. ‘ಎಲ್ಲ ತಿಂದೆ ಮಗಳೇ, ಚೆನ್ನಾಗಿತ್ತು’ ಅಂದರು, ನನ್ನ ಮುಖ ನೋಡದೆ.

ಆ ಧ್ವನಿ ನನಗೆ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಕೂತೆ. ನನ್ನ ಮೂರು ದಿನದ ಹಾಳೆಯ ಕಥೆ ಹೇಳಿದೆ, ಐದು ಬಿಸ್ಕತ್ತು ಎರಡಾದದ್ದು, ತೋರಿಕೆಗೆ ತಿಂದ ಹಣ್ಣು, ಮೇಡಂ ಬೋರ್ಡಿನ ಮೇಲೆ ಬರೆದದ್ದು, ಎಲ್ಲ. ಅಜ್ಜ ನಕ್ಕರು. ನಗುವಾಗ ಮೇಲಿನ ಹಲ್ಲಿನ ಸೆಟ್ಟು ಜಾರಿ ಕೆಳಗೆ ಬಂತು, ಕೈಯಲ್ಲಿ ಹಿಡಿದುಕೊಂಡರು. ತೆಳ್ಳಗಾಗುತ್ತಾ ಹೋಗಿ ಸೆಟ್ಟು ಸಡಿಲವಾಗಿತ್ತು. ಅಗಿಯಲು ಆಗುತ್ತಿರಲಿಲ್ಲ. ಅಜ್ಜನನ್ನು ನೋಡಿಕೊಳ್ಳಲು ಬಂದಿದ್ದ ಮಗ ತಟ್ಟೆಯಲ್ಲಿದ್ದದ್ದನ್ನು ತಿನ್ನುತ್ತಿದ್ದ, ಅವನಿಗೂ ಬೇರೆ ಊಟ ಇರಲಿಲ್ಲ.

‘ಇವತ್ತು ಎಷ್ಟು ತಿಂದಿರಿ, ನಿಜ ಹೇಳಿ’ ಅಂದೆ.

ಎರಡು ಬೆರಳು ತೋರಿಸಿದರು.

ಚಾರ್ಟಿನಲ್ಲಿ ‘ಪೂರ್ತಿ’ ಅಂತ ಇದ್ದದ್ದನ್ನು ಹೊಡೆದುಹಾಕಿ ‘ತುತ್ತು, 2’ ಅಂತ ಬರೆದೆ, ಕೆಳಗೆ ಮೆತ್ತಗಿನ ಊಟ ಅಂತ ಸೇರಿಸಿ, ಮಗನಿಗೂ ಒಂದು ತಟ್ಟೆ ಸಿಗುತ್ತದಾ ಅಂತ ಕೇಳಲು ಅಡುಗೆಮನೆಗೆ ಹೋದೆ.